ನಿಂತ ಚಿತ್ರ ಓಡೋದು ಹೇಗೆ?



ನಾವೆಲ್ಲ ಸಿನಿಮಾ ನೋಡ್ತೀವಿ. ಟಿ.ವಿ. ನೋಡ್ತೀವಿ. ಈಗ ಮೊಬೈಲ್ ಬಂದಿದೆ. ಅದರಲ್ಲೂ ಚಿತ್ರ ನೋಡ್ತೀವಿ. ಪರದೆಯ ಮೇಲೆ ಕುದುರೆ ಓಡುತ್ತೆ. ಮಗು ನಗುತ್ತೆ. ಮಳೆ ಸುರಿಯುತ್ತೆ. ಅದನ್ನು ನೋಡಿ ನಾವೂ ನಗ್ತೀವಿ, ಅಳ್ತೀವಿ.

ಈಗ ಒಂದು ಪ್ರಶ್ನೆ. ಪರದೆಯ ಮೇಲೆ ನಿಜವಾಗಿ ಓಡೋದು ಏನು?

"ಇದೂ ಒಂದು ಪ್ರಶ್ನೆಯಾ? ಕುದುರೆ ಓಡುತ್ತೆ" ಅಂತೀರಿ.

ಇಲ್ಲ. ಅಲ್ಲಿ ಯಾವ ಕುದುರೆಯೂ ಓಡೋದಿಲ್ಲ. ಅಲ್ಲಿ ಇರೋದೆಲ್ಲ ನಿಂತ ಚಿತ್ರಗಳೇ. ಗೋಡೆಗೆ ತೂಗು ಹಾಕಿದ ಫೋಟೋ ಅಲುಗಾಡುತ್ತದೆಯೇ? ಇಲ್ಲ. ಸಿನಿಮಾದ ಚಿತ್ರವೂ ಹಾಗೆಯೇ. ಒಂದೊಂದೂ ಅಲುಗಾಡದ ಫೋಟೋ.

ತೊಗಲು ಗೊಂಬೆ ಆಟ ನೋಡಿದ್ದೀರಾ? ಅಲ್ಲಿ ಗೊಂಬೆ ನಿಜವಾಗಿ ಆಡುತ್ತೆ. ಪರದೆಯ ಹಿಂದೆ ಕುಳಿತವರು ಕೋಲು ಹಿಡಿದು ಆಡಿಸುತ್ತಾರೆ. ಸಿನಿಮಾದಲ್ಲಿ ಹಾಗಲ್ಲ. ಅಲ್ಲಿ ಚಿತ್ರವನ್ನು ಆಡಿಸೋದು ನಮ್ಮ ಕಣ್ಣು, ನಮ್ಮ ಮಿದುಳು.

ಅದು ಹೇಗೆ ಅಂತ ತಿಳಿಯೋಣ. ಆಮೇಲೆ ನಾವೇ ಮಾಡೋಣ. ಇದರಿಂದ ಎರಡು ಲಾಭ ಇದೆ. ನಮ್ಮ ಕೈಯಲ್ಲೇ ಓಡುವ ಚಿತ್ರ ಮಾಡಬಹುದು. ಚಿತ್ರ ತೋರಿಸಿ ಮೋಸ ಮಾಡೋರ ಕೈಗೆ ಸಿಕ್ಕದೆ ಇರಬಹುದು.

ಕಣ್ಣಿನ ಆಟ

ರಾತ್ರಿ ದೀಪ ಆರಿಸಿ. ಒಂದು ಊದುಬತ್ತಿ ಹಚ್ಚಿ. ಗಾಳಿಯಲ್ಲಿ ಬೇಗ ಬೇಗ ಸುತ್ತಿಸಿ. ಏನು ಕಾಣುತ್ತೆ?

ಕೆಂಪು ಬಳೆ ಕಾಣುತ್ತೆ.

ಊದುಬತ್ತಿಯ ತುದಿಯಲ್ಲಿ ಇರೋದು ಒಂದು ಕಿಡಿ ಮಾತ್ರ. ಬಳೆ ಎಲ್ಲಿಂದ ಬಂತು? ಕಣ್ಣು ಒಮ್ಮೆ ಕಂಡದ್ದು ತಟ್ಟನೆ ಅಳಿಯೋದಿಲ್ಲ. ಒಂದು ಚಿಟಿಕೆ ಹೊಡೆಯುವುದಕ್ಕಿಂತ ಕಡಿಮೆ ಹೊತ್ತು ಅದು ಉಳಿಯುತ್ತೆ. ಅಷ್ಟರಲ್ಲಿ ಕಿಡಿ ಮುಂದೆ ಹೋಗಿರುತ್ತೆ. ಹಿಂದಿನದೂ ಮುಂದಿನದೂ ಸೇರಿ ಬಳೆಯ ಹಾಗೆ ಕಾಣುತ್ತೆ.

ಇನ್ನೊಂದು ಆಟ ಮಾಡಿ ನೋಡಿ. ಒಂದು ದಪ್ಪ ರಟ್ಟು ತೆಗೆದುಕೊಳ್ಳಿ. ಅದರ ಮೇಲೆ ನಿಮ್ಮ ಬಳೆ ಇಟ್ಟು ಸುತ್ತ ಗೆರೆ ಎಳೆಯಿರಿ. ದುಂಡಗೆ ಕತ್ತರಿಸಿ. ಎಡಕ್ಕೆ ಒಂದು, ಬಲಕ್ಕೆ ಒಂದು ತೂತು ಮಾಡಿ. ಎರಡಕ್ಕೂ ದಾರ ಕಟ್ಟಿ. ಮುಂದುಗಡೆ ಒಂದು ಹಕ್ಕಿ ಬರೆಯಿರಿ. ಈಗ ರಟ್ಟನ್ನು ದೋಸೆ ಮಗುಚಿದ ಹಾಗೆ ಮೇಲಿಂದ ಕೆಳಕ್ಕೆ ಮಗುಚಿ. ದಾರಗಳು ಎಡ ಬಲದಲ್ಲೇ ಇರಲಿ. ಈ ಬದಿಯಲ್ಲಿ ಒಂದು ಪಂಜರ ನೆಟ್ಟಗೆ ಬರೆಯಿರಿ.

ಎರಡೂ ದಾರವನ್ನು ಬೆರಳಿನಲ್ಲಿ ಹೊಸೆಯಿರಿ. ರಟ್ಟು ಗಿರಗಿರ ತಿರುಗುತ್ತೆ. ಹಕ್ಕಿ ಪಂಜರದ ಒಳಗೆ ಕಾಣುತ್ತೆ!

ಹಕ್ಕಿ ಒಂದು ಕಡೆ. ಪಂಜರ ಇನ್ನೊಂದು ಕಡೆ. ಎರಡನ್ನೂ ಸೇರಿಸಿದ್ದು ಯಾರು? ನಾವೇ. ಈ ಆಟಿಕೆಯನ್ನು 1825ರಲ್ಲಿ ಲಂಡನ್ ಪಟ್ಟಣದಲ್ಲಿ ಮಾರುತ್ತಿದ್ದರು. ಇದಕ್ಕೆ ಈಗ 200 ವರ್ಷ.

ಕಣ್ಣಿನದು ಅರ್ಧ ಕೆಲಸ. ಉಳಿದ ಅರ್ಧ ಮಿದುಳಿನದು. ಅದನ್ನು ತಿಳಿಯೋಕೆ ರಂಗೋಲಿ ನೆನೆಸಿಕೊಳ್ಳಿ. ನೆಲದ ಮೇಲೆ ಚುಕ್ಕಿ ಇಟ್ಟಿದ್ದೀರಿ. ಗೆರೆ ಇನ್ನೂ ಎಳೆದಿಲ್ಲ. ಆದರೂ ನಿಮ್ಮ ಮನಸ್ಸಿಗೆ ಗೆರೆ ಕಾಣುತ್ತೆ. ಈ ಚುಕ್ಕಿಯಿಂದ ಆ ಚುಕ್ಕಿಗೆ ಹೋಗಬೇಕು ಅಂತ ಗೊತ್ತಾಗುತ್ತೆ. ಅಲ್ಲವೇ?

ಓಡುವ ಚಿತ್ರವೂ ಹೀಗೆಯೇ. ಒಂದೊಂದು ಫೋಟೋ ಒಂದೊಂದು ಚುಕ್ಕಿ. ಒಂದು ಚಿತ್ರದಲ್ಲಿ ಕೈ ಕೆಳಗಿದೆ. ಮುಂದಿನ ಚಿತ್ರದಲ್ಲಿ ಸ್ವಲ್ಪ ಮೇಲಿದೆ. ಅದರ ಮುಂದಿನದರಲ್ಲಿ ಇನ್ನೂ ಸ್ವಲ್ಪ ಮೇಲಿದೆ. ಒಂದರ ಹಿಂದೆ ಒಂದು ಬೇಗ ಬೇಗ ಬಂದರೆ ಮಿದುಳು ಗೆರೆ ಎಳೆಯುತ್ತೆ. "ಕೈ ಮೇಲೆ ಹೋಯಿತು" ಅಂತ ಹೇಳುತ್ತೆ.

ಚುಕ್ಕಿ ಅವರದು. ಗೆರೆ ನಮ್ಮದು. ಈ ಮಾತು ನೆನಪಿರಲಿ. ಮುಂದೆ ಬೇಕಾಗುತ್ತೆ.

ಒಂದು ಕುದುರೆ, ಹನ್ನೆರಡು ಕ್ಯಾಮೆರಾ

ಈಗ ಅಮೆರಿಕ ದೇಶದ ಒಂದು ಕತೆ. ನಡೆದ ಕತೆ.

ಕುದುರೆ ಜೋರಾಗಿ ಓಡುವಾಗ ಅದರ ನಾಲ್ಕು ಕಾಲೂ ಒಟ್ಟಿಗೆ ನೆಲ ಬಿಡುತ್ತವೆಯೇ? ಆ ಕಾಲದಲ್ಲಿ ಇದರ ಬಗ್ಗೆ ವಾದ ನಡೆಯುತ್ತಿತ್ತು. ಕೆಲವರು ಬಿಡುತ್ತವೆ ಅಂದರು. ಕೆಲವರು ಒಂದಾದರೂ ಕಾಲು ನೆಲದ ಮೇಲೆ ಇದ್ದೇ ಇರುತ್ತೆ ಅಂದರು. ಕಣ್ಣಿಗೆ ಕಾಣಬೇಕಲ್ಲ! ಕುದುರೆಯ ಕಾಲು ಅಷ್ಟು ಬೇಗ ಆಡುತ್ತೆ. ಬರೀ ಕಣ್ಣಿಗೆ ಹಿಡಿಯೋಕೆ ಆಗೋದಿಲ್ಲ.

ಎಡ್ವರ್ಡ್ ಮೈಬ್ರಿಜ್ ಅಂತ ಒಬ್ಬ ಫೋಟೋ ತೆಗೆಯುವವನು ಇದ್ದ. 1878ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಅವನು ಒಂದು ಉಪಾಯ ಮಾಡಿದ. ಕುದುರೆ ಓಡುವ ದಾರಿಯ ಪಕ್ಕದಲ್ಲಿ 12 ಕ್ಯಾಮೆರಾ ಸಾಲಾಗಿ ಇಟ್ಟ. ಪ್ರತಿ ಕ್ಯಾಮೆರಾದಿಂದ ದಾರಿಗೆ ಅಡ್ಡವಾಗಿ ಒಂದೊಂದು ಎಳೆ ಕಟ್ಟಿದ. ಕುದುರೆ ಓಡಿ ಬಂತು. ಒಂದೊಂದೇ ಎಳೆ ತಗುಲಿತು. ಒಂದೊಂದೇ ಕ್ಯಾಮೆರಾ ಫೋಟೋ ತೆಗೆಯಿತು.

ಹನ್ನೆರಡು ಫೋಟೋ ಬಂದವು. ನೋಡಿದರೆ, ಹೌದು! ಒಂದು ಗಳಿಗೆ ಕುದುರೆಯ ನಾಲ್ಕು ಕಾಲೂ ನೆಲದ ಮೇಲೆ ಇರಲಿಲ್ಲ. ಹಾಗಂತ ಕಾಲು ಚಾಚಿಕೊಂಡೂ ಇರಲಿಲ್ಲ. ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಮಡಿಸಿಕೊಂಡಿತ್ತು. ಅದುವರೆಗೆ ಎಷ್ಟೋ ಚಿತ್ರಗಾರರು ಓಡುವ ಕುದುರೆಯ ಕಾಲು ಮುಂದಕ್ಕೂ ಹಿಂದಕ್ಕೂ ಚಾಚಿದ ಹಾಗೆ ಬರೆಯುತ್ತಿದ್ದರು. ಅದು ತಪ್ಪು ಅಂತ ಗೊತ್ತಾಯಿತು.

ಮರುವರ್ಷ ಮೈಬ್ರಿಜ್ ಇನ್ನೊಂದು ಕೆಲಸ ಮಾಡಿದ. ಆ ಫೋಟೋಗಳನ್ನು ನೋಡಿ ಗಾಜಿನ ತಟ್ಟೆಯ ಅಂಚಿಗೆ ಚಿತ್ರ ಬರೆಸಿದ. ದೀಪದ ಮುಂದೆ ತಟ್ಟೆ ತಿರುಗಿಸಿದ. ಗೋಡೆಯ ಮೇಲೆ ಕುದುರೆ ಓಡಿತು. ತಟ್ಟೆ ದುಂಡಗೆ ಇದೆಯಲ್ಲ? ಅದಕ್ಕೇ ಕುದುರೆಯ ಓಟ ಮುಗಿಯಲೇ ಇಲ್ಲ. ಸುತ್ತಿ ಸುತ್ತಿ ಮತ್ತೆ ಓಡಿತು.

ಬಟಾಣಿ ಗಿಡದ ಸಿನಿಮಾ

ಈಗ ನಮ್ಮ ದೇಶಕ್ಕೆ ಬರೋಣ.

ನಮ್ಮ ದೇಶದ ಮೊದಲ ದೊಡ್ಡ ಕತೆಯ ಸಿನಿಮಾ 'ರಾಜಾ ಹರಿಶ್ಚಂದ್ರ'. ಅದಕ್ಕೆ ಮಾತು ಇರಲಿಲ್ಲ. ಅದು ಮೂಕಿ ಚಿತ್ರ. 1913ರ ಮೇ 3ರಂದು ಬೊಂಬಾಯಿಯಲ್ಲಿ ತೆರೆ ಕಂಡಿತು. ಆ ಊರನ್ನು ಈಗ ಮುಂಬೈ ಅಂತೀವಿ. ಸಿನಿಮಾ ಮಾಡಿದವರು ದಾದಾಸಾಹೇಬ ಫಾಲ್ಕೆ.

ಸಿನಿಮಾ ಮಾಡೋಕೆ ದುಡ್ಡು ಬೇಕು. ಆದರೆ ಯಾರು ಕೊಡ್ತಾರೆ? ಇಲ್ಲಿ ಯಾರಿಗೂ ಅದರ ಅನುಭವ ಇರಲಿಲ್ಲ. "ಈ ಮನುಷ್ಯನ ಕೈಲಿ ಆಗುತ್ತಾ?" ಅಂತ ಜನಕ್ಕೆ ಅನುಮಾನ.

ಫಾಲ್ಕೆ ಏನು ಮಾಡಿದರು ಗೊತ್ತೆ? ಒಂದು ಕುಂಡದಲ್ಲಿ ಬಟಾಣಿ ಹಾಕಿದರು. ಅದರ ಮುಂದೆ ಕ್ಯಾಮೆರಾ ಇಟ್ಟರು. ಕಾಳು ಮೊಳೆಯಿತು. ಗಿಡ ಆಯಿತು. ತಿಂಗಳಿಗೂ ಹೆಚ್ಚು ಕಾಲ ಬಿಟ್ಟು ಬಿಟ್ಟು ಒಂದೊಂದೇ ಚಿತ್ರ ತೆಗೆದರು. ಎಲ್ಲ ಚಿತ್ರ ಸೇರಿಸಿ ಓಡಿಸಿದರು. ಒಂದು ತಿಂಗಳ ಬೆಳೆ ಕಣ್ಣ ಮುಂದೆ ಸರಸರ ಎದ್ದು ನಿಂತಿತು! ಇದು ನಡೆದದ್ದು 1912ರಲ್ಲಿ.

ನೋಡಿದವರು ಬೆರಗಾದರು. ಫಾಲ್ಕೆಗೆ ಕೆಲಸ ಗೊತ್ತು ಅಂತ ನಂಬಿಕೆ ಬಂತು. ಸಾಲ ಸಿಕ್ಕಿತು. ಒಂದು ಬಟಾಣಿ ಕಾಳಿನಿಂದ ಸಿನಿಮಾ ಮೊಳೆಯಿತು.

ಇದರಲ್ಲಿ ಇನ್ನೊಬ್ಬರ ದುಡಿಮೆಯೂ ಇದೆ. ಅವರ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ. ಅವರು ಫಾಲ್ಕೆಯವರ ಹೆಂಡತಿ ಸರಸ್ವತಿಬಾಯಿ. ಸಿನಿಮಾಕ್ಕಾಗಿ ಆ ತಾಯಿ ತಮ್ಮ ಒಡವೆ ಕೊಟ್ಟರು. ಆಗ ಸಿನಿಮಾದ ರೀಲಿನ ಅಂಚಿಗೆ ಸಾಲಾಗಿ ತೂತು ಹಾಕಬೇಕಿತ್ತು. ಆ ತೂತಿಗೆ ಹಲ್ಲು ಸಿಕ್ಕಿ ರೀಲು ಮುಂದೆ ಹೋಗುತ್ತಿತ್ತು. ರೀಲಿಗೆ ಬೆಳಕು ತಗುಲಿದರೆ ಕೆಟ್ಟುಹೋಗುತ್ತೆ. ಅದಕ್ಕೇ ಕತ್ತಲಲ್ಲಿ ಕುಳಿತು ತೂತು ಹಾಕಬೇಕು. ಈ ಕೆಲಸ ಸರಸ್ವತಿಬಾಯಿ ಕಲಿತರು. ರಸಾಯನದಲ್ಲಿ ರೀಲು ತೊಳೆದು ಚಿತ್ರ ಮೂಡಿಸೋದನ್ನೂ ಕಲಿತರು. ಇದರ ಜೊತೆಗೆ ಸಿನಿಮಾದಲ್ಲಿ ದುಡಿಯುತ್ತಿದ್ದ ಅಷ್ಟೂ ಜನಕ್ಕೆ ಅಡಿಗೆ ಮಾಡಿ ಬಡಿಸಿದರು.

ಆ ಸಿನಿಮಾದಲ್ಲಿ ಹೆಂಗಸಿನ ಪಾತ್ರವನ್ನೂ ಗಂಡಸೇ ಮಾಡಿದ. ಆಗಿನ ಕಾಲದಲ್ಲಿ ಹೆಂಗಸರು ಸಿನಿಮಾದಲ್ಲಿ ಕಾಣಿಸಿಕೊಳ್ಳೋಕೆ ಮುಂದೆ ಬರಲಿಲ್ಲ. ಪರದೆಯ ಮೇಲೆ ಹೆಂಗಸಿಲ್ಲ. ಪರದೆಯ ಹಿಂದೆ ಹೆಂಗಸಿನ ಕೈ ಇತ್ತು.

ಕತ್ತರಿ ಹಿಡಿದ ಹೆಣ್ಣುಮಗಳು

ಓಡುವ ಚಿತ್ರಕ್ಕೆ ಫೋಟೋದ ಕುದುರೆಯೇ ಬೇಕು ಅಂತ ಇಲ್ಲ. ಕಾಗದದ ಕುದುರೆಯಾದರೂ ಸರಿ.

ಜರ್ಮನಿ ದೇಶದಲ್ಲಿ ಲೋಟೆ ರೈನಿಗರ್ ಅಂತ ಒಬ್ಬ ಹೆಣ್ಣುಮಗಳು ಇದ್ದರು. ಕತ್ತರಿ ಹಿಡಿದು ಕಪ್ಪು ಕಾಗದದಲ್ಲಿ ಗೊಂಬೆ ಕತ್ತರಿಸುವುದರಲ್ಲಿ ಅವರು ಗಟ್ಟಿಗಿತ್ತಿ. ಕೈ, ಕಾಲು, ತಲೆ ಬೇರೆ ಬೇರೆ ಕತ್ತರಿಸಿ ತಂತಿಯಲ್ಲಿ ಜೋಡಿಸುತ್ತಿದ್ದರು. ನಮ್ಮ ತೊಗಲು ಗೊಂಬೆಯ ಕೈ ಕಾಲು ಜೋಡಿಸುವ ಹಾಗೆಯೇ. ಆ ಗೊಂಬೆಯನ್ನು ಬೆಳಕಿರುವ ಗಾಜಿನ ಮೇಲೆ ಇಡುತ್ತಿದ್ದರು. ಮೇಲಿನಿಂದ ಒಂದು ಫೋಟೋ. ಗೊಂಬೆಯ ಕೈಯನ್ನು ಒಂದು ಕೂದಲೆಳೆಯಷ್ಟು ಸರಿಸುತ್ತಿದ್ದರು. ಮತ್ತೆ ಒಂದು ಫೋಟೋ.

ಹೀಗೆ ಮೂರು ವರ್ಷ ದುಡಿದು 1926ರಲ್ಲಿ ಒಂದು ಪೂರ್ತಿ ಸಿನಿಮಾ ಮಾಡಿದರು. ಅದರ ಹೆಸರು 'ರಾಜಕುಮಾರ ಅಹಮದನ ಸಾಹಸಗಳು'. ಹೀಗೆ ಗೊಂಬೆ, ಚಿತ್ರಗಳಿಂದ ಮಾಡಿದ ಪೂರ್ತಿ ಉದ್ದದ ಸಿನಿಮಾಗಳಲ್ಲಿ ಇಂದಿಗೂ ಉಳಿದಿರುವ ಅತಿ ಹಳೆಯದು ಇದೇ. ಒಬ್ಬ ಹೆಂಗಸಿನ ಕತ್ತರಿಯಿಂದ ಬಂದದ್ದು.

ಸ್ವಲ್ಪ ಲೆಕ್ಕ ಮಾಡೋಣ

ಒಂದು ಸೆಕೆಂಡಿಗೆ ಎಷ್ಟು ಚಿತ್ರ ಬೇಕು? ಒಂದು ಸೆಕೆಂಡು ಅಂದರೆ ಗಡಿಯಾರದ ಸೆಕೆಂಡಿನ ಮುಳ್ಳು ಒಮ್ಮೆ ಟಿಕ್ ಅನ್ನುವಷ್ಟು ಹೊತ್ತು.

ಸೆಕೆಂಡಿಗೆ 4 ಅಥವಾ 5 ಚಿತ್ರ ತೋರಿಸಿದರೆ ಕುಂಟಿದ ಹಾಗೆ ಕಾಣುತ್ತೆ. 10 ಅಥವಾ 12 ತೋರಿಸಿದರೆ ಓಡಿದ ಹಾಗೆ ಕಾಣೋಕೆ ಶುರುವಾಗುತ್ತೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಆಗ ನಯವಾಗಿ ಕಾಣುತ್ತೆ.

ಹಾಗಾದರೆ ಒಂದು ನಿಮಿಷಕ್ಕೆ ಎಷ್ಟು?
24 × 60 = 1,440 ಚಿತ್ರ.

ಒಂದು ಗಂಟೆಗೆ?
1,440 × 60 = 86,400 ಚಿತ್ರ.

ಎರಡೂವರೆ ಗಂಟೆಯ ಸಿನಿಮಾಕ್ಕೆ?
2,16,000 ಚಿತ್ರ. ಎರಡು ಲಕ್ಷ ಹದಿನಾರು ಸಾವಿರ!

ಇಷ್ಟೂ ಚಿತ್ರ ನಮ್ಮ ಕಣ್ಣ ಮುಂದೆ ಹಾದುಹೋಗುತ್ತೆ. ಒಂದೂ ಓಡೋದಿಲ್ಲ. ಒಂದೊಂದೂ ಬಂದು ನಿಂತು ಹೋಗುತ್ತೆ.

ನೋಟುಬುಕ್ಕಿನಲ್ಲಿ ಮಾಡಿ ನೋಡಿ

ಇದಕ್ಕೆ ಕರೆಂಟು ಬೇಡ. ಮೊಬೈಲೂ ಬೇಡ. ಒಂದು ಹಳೆಯ ನೋಟುಬುಕ್ಕು, ಒಂದು ಪೆನ್ಸಿಲ್ಲು ಇದ್ದರೆ ಸಾಕು.

1. ನೋಟುಬುಕ್ಕಿನ ಕೊನೆಯ ಹಾಳೆ ತೆಗೆಯಿರಿ. ಹೊಲಿಗೆ ಇಲ್ಲದ ಅಂಚಿನಲ್ಲಿ, ಕೆಳಗಿನ ಮೂಲೆಯಲ್ಲಿ ಒಂದು ಗೆರೆ ಎಳೆಯಿರಿ. ಅದು ನೆಲ. ನೆಲದ ಕೆಳಗೆ ಒಂದು ಕಾಳು ಬರೆಯಿರಿ.

2. ಅದರ ಮೇಲಿನ ಹಾಳೆ ಮುಚ್ಚಿ. ಕೆಳಗಿನ ಚಿತ್ರ ಸ್ವಲ್ಪ ಕಾಣುತ್ತೆ. ಅದೇ ಜಾಗದಲ್ಲಿ ಅದೇ ಚಿತ್ರ ಬರೆಯಿರಿ. ಆದರೆ ಕಾಳಿಗೆ ಒಂದು ಚಿಕ್ಕ ಮೊಳಕೆ ಸೇರಿಸಿ.

3. ಅದರ ಮೇಲಿನ ಹಾಳೆ ಮುಚ್ಚಿ. ಮೊಳಕೆ ಇನ್ನೂ ಸ್ವಲ್ಪ ಉದ್ದ ಬರೆಯಿರಿ.

4. ಹೀಗೆ 24 ಹಾಳೆ ಬರೆಯಿರಿ. ಮೊಳಕೆ ನೆಲ ಸೀಳಿ ಬರಲಿ. ಎರಡು ಎಲೆ ಬಿಡಲಿ. ನಾಲ್ಕು ಎಲೆ ಆಗಲಿ. ಕೊನೆಗೆ ಒಂದು ಹೂವು ಅರಳಲಿ.

5. ಈಗ ಹಾಳೆಗಳ ಅಂಚನ್ನು ಹೆಬ್ಬೆರಳಿನಲ್ಲಿ ಹಿಡಿಯಿರಿ. ಕೊನೆಯಿಂದ ಮೊದಲಿಗೆ ಪರಪರ ಅಂತ ಬಿಡಿ.

ಗಿಡ ಬೆಳೆಯುತ್ತೆ! ಹೂವು ಅರಳುತ್ತೆ!

ಚಿತ್ರ ಚೆನ್ನಾಗಿ ಬರೆಯೋಕೆ ಬರೋದಿಲ್ಲ ಅಂತ ಹಿಂಜರಿಯಬೇಡಿ. ಗೆರೆ ಸೊಟ್ಟ ಇದ್ದರೂ ಗಿಡ ಬೆಳೆಯುತ್ತೆ. ಒಂದು ಗುಟ್ಟು ಮಾತ್ರ ನೆನಪಿಡಿ. ಒಂದು ಹಾಳೆಗೂ ಇನ್ನೊಂದಕ್ಕೂ ಬದಲಾವಣೆ ಸ್ವಲ್ಪವೇ ಇರಲಿ. ಒಮ್ಮೆಗೇ ಬಹಳ ಬದಲಾಯಿಸಿದರೆ ಚಿತ್ರ ಜಿಗಿಯುತ್ತೆ.

ಮೊಬೈಲಿನಲ್ಲಿ ಮಾಡಿ ನೋಡಿ

ಫಾಲ್ಕೆಯವರು ಬಟಾಣಿ ಹಾಕಿದರು. ನಾವು ಹೆಸರುಕಾಳು ಹಾಕೋಣ. ಮೂರು ದಿನದ ಕೆಲಸ. ಮನೆಯಲ್ಲಿ ಯಾರದಾದರೂ ಫೋಟೋ ತೆಗೆಯುವ ಮೊಬೈಲ್ ಇದ್ದರೆ ಸಾಕು.

ಮೊದಲು ತಯಾರಿ. ಹೆಸರುಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ಒಂದು ತಟ್ಟೆಯಲ್ಲಿ ಒದ್ದೆ ಬಿಳಿ ಬಟ್ಟೆ ಹಾಸಿ. ಅದರ ಮೇಲೆ ಏಳೆಂಟು ಕಾಳು ಇಡಿ. ತಟ್ಟೆಯನ್ನು ಯಾರೂ ಮುಟ್ಟದ ಜಾಗದಲ್ಲಿ ಇಡಿ. ಬಟ್ಟೆ ಒಣಗದ ಹಾಗೆ ಅಂಚಿಗೆ ನೀರು ಹನಿಸುತ್ತಾ ಇರಿ. ಕಾಳು ಅಲುಗಬಾರದು.

ಮೊಬೈಲನ್ನು ಮೂರು ದಿನ ಅಲ್ಲೇ ಬಿಡೋಕೆ ಆಗೋದಿಲ್ಲ. ಫೋನು ಬರುತ್ತೆ, ಹೋಗಬೇಕಾಗುತ್ತೆ. ಅದಕ್ಕೆ ಒಂದು ಉಪಾಯ. ತಟ್ಟೆಯ ಮುಂದೆ ಒಂದು ಇಟ್ಟಿಗೆ ಇಡಿ. ಮೊಬೈಲನ್ನು ಅದಕ್ಕೆ ಒರಗಿಸಿ. ಕಾಳು ಚೆನ್ನಾಗಿ ಕಾಣುವ ಹಾಗೆ ನೋಡಿಕೊಳ್ಳಿ. ಈಗ ಮೊಬೈಲು ನಿಂತ ಜಾಗಕ್ಕೂ ಇಟ್ಟಿಗೆಗೂ ತಟ್ಟೆಗೂ ಸುತ್ತ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿ. ಪ್ರತಿ ಸಲ ಅದೇ ಗುರುತಿನ ಮೇಲೆ ಇಟ್ಟು ಫೋಟೋ ತೆಗೆಯಿರಿ.

ಬೆಳಕೂ ಒಂದೇ ರೀತಿ ಇರಲಿ. ಕಿಟಕಿಯ ಬೆಳಕು ಗಂಟೆ ಗಂಟೆಗೆ ಬದಲಾಗುತ್ತೆ. ಹಾಗಾದರೆ ಚಿತ್ರ ಮಿಣಮಿಣ ಅನ್ನುತ್ತೆ. ಕಿಟಕಿ ಮುಚ್ಚಿ, ಒಂದೇ ಬಲ್ಬು ಹಾಕಿ ತೆಗೆದರೆ ಒಳ್ಳೆಯದು.

ಬೆಳಗ್ಗೆ 6 ಗಂಟೆಯಿಂದ ರಾತ್ರಿ 8 ಗಂಟೆಯವರೆಗೆ ಎರಡು ಗಂಟೆಗೆ ಒಂದು ಫೋಟೋ ತೆಗೆಯಿರಿ. 6, 8, 10, 12, 2, 4, 6, 8. ದಿನಕ್ಕೆ 8 ಫೋಟೋ. ಮೂರು ದಿನಕ್ಕೆ 24 ಫೋಟೋ.

ಇನ್ನು ಜೋಡಿಸುವ ಕೆಲಸ. ಎಷ್ಟೋ ಮೊಬೈಲಿನಲ್ಲಿ ಫೋಟೋ ಇಡುವ ಜಾಗದಲ್ಲೇ ಇದಕ್ಕೆ ದಾರಿ ಇದೆ. ನಿಮ್ಮ ಮೊಬೈಲಿನಲ್ಲಿ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಮಾಡಬಹುದು. ಪಂಚಾಯ್ತಿಯ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಅನ್ನುತ್ತಾರೆ. ಅಲ್ಲಿ ಕಂಪ್ಯೂಟರ್ ಇದೆಯೇ ಅಂತ ವಿಚಾರಿಸಿ. ಹೈಸ್ಕೂಲಿಗೆ ಹೋಗುವ ಮಗಳನ್ನೂ ಕೇಳಿ. ಯಾವುದರಲ್ಲಿ ಮಾಡಿದರೂ ಕೆಲಸ ಇಷ್ಟೇ:

ಒಂದು: 24 ಫೋಟೋ ಆರಿಸಬೇಕು.
ಎರಡು: ಮೊದಲು ತೆಗೆದದ್ದು ಮೊದಲು, ಕೊನೆಗೆ ತೆಗೆದದ್ದು ಕೊನೆಗೆ. ಹೀಗೆ ಸಾಲಾಗಿ ಇಡಬೇಕು.
ಮೂರು: ಒಂದೊಂದು ಫೋಟೋ ಎಷ್ಟು ಹೊತ್ತು ನಿಲ್ಲಬೇಕು ಅಂತ ಹೇಳಬೇಕು. ಸೆಕೆಂಡಿಗೆ 4 ಅಂತ ಇಡಿ. 24 ಫೋಟೋ 6 ಸೆಕೆಂಡಿನಲ್ಲಿ ಮುಗಿಯುತ್ತೆ. ಓಟ ಸ್ವಲ್ಪ ಕುಂಟುತ್ತೆ. ಆದರೆ ಮೊಳಕೆ ಬರೋದು ಚೆನ್ನಾಗಿ ಕಾಣುತ್ತೆ.
ನಾಲ್ಕು: ಒಮ್ಮೆ ಓಡಿ ನಿಲ್ಲಬೇಕೋ, ಮತ್ತೆ ಮತ್ತೆ ಓಡಬೇಕೋ ಅಂತ ಹೇಳಬೇಕು.
ಐದು: ಉಳಿಸಬೇಕು.

ಹೀಗೆ ಫೋಟೋ ಜೋಡಿಸಿ ಮಾಡುವ ಒಂದು ಬಗೆಗೆ 'ಜಿಫ್' ಅಂತ ಹೆಸರು. ವಾಟ್ಸಾಪಿನಲ್ಲಿ ಹೂವು ಅರಳುತ್ತಾ, ದೀಪ ಮಿನುಗುತ್ತಾ ಇರುವ ಪುಟ್ಟ ಚಿತ್ರ ಬರುತ್ತಲ್ಲ, ಅವುಗಳನ್ನೂ ಜಿಫ್ ಅಂತಲೇ ಕರೆಯುತ್ತಾರೆ. ಇದನ್ನು 1987ರಲ್ಲಿ ಅಮೆರಿಕದಲ್ಲಿ ಮಾಡಿದರು. ಇದರಲ್ಲಿ ಸದ್ದು ಇರೋದಿಲ್ಲ. ಬಣ್ಣವೂ ಕಡಿಮೆ. ಒಂದು ಚಿತ್ರಕ್ಕೆ ಹೆಚ್ಚೆಂದರೆ 256 ಬಣ್ಣ.  ಮೈಬ್ರಿಜ್ಜನ ಗಾಜಿನ ತಟ್ಟೆಯ ಹಾಗೆ ಸುತ್ತಿ ಸುತ್ತಿ ಓಡುತ್ತೆ.

ಹೊಸ ಆಪ್ ಹಾಕಿಕೊಳ್ಳುವಾಗ ಎಚ್ಚರ ಇರಲಿ. ಫೋಟೋ ಜೋಡಿಸುವ ಆಪಿಗೆ ನಿಮ್ಮ ಬ್ಯಾಂಕಿನ ವಿಷಯ ಬೇಡ. ಮೊಬೈಲಿನಲ್ಲಿ ಇರುವ ಎಲ್ಲರ ನಂಬರೂ ಬೇಡ. ಕೇಳಿದರೆ ಕೊಡಬೇಡಿ.

ರಾತ್ರಿ ಏನಾಯಿತು?

ನೀವು ಮಾಡಿದ ಚಿತ್ರವನ್ನು ಚೆನ್ನಾಗಿ ನೋಡಿ. ಎರಡು ಕಡೆ ಮೊಳಕೆ ಥಟ್ಟನೆ ಉದ್ದ ಆಗುತ್ತೆ. ಯಾಕೆ?

ರಾತ್ರಿ 8 ಗಂಟೆಗೆ ಒಂದು ಫೋಟೋ ತೆಗೆದಿರಿ. ಆಮೇಲೆ ಮಲಗಿದಿರಿ. ಬೆಳಗ್ಗೆ 6 ಗಂಟೆಗೆ ಇನ್ನೊಂದು ತೆಗೆದಿರಿ. ನಡುವೆ 10 ಗಂಟೆ ಹೋಯಿತು. ಮೊಳಕೆ ಮಲಗಲಿಲ್ಲ. ಅದು ಬೆಳೆಯುತ್ತಲೇ ಇತ್ತು. ಆ 10 ಗಂಟೆಯಲ್ಲಿ ಆದದ್ದು ಚಿತ್ರದಲ್ಲಿ ಇಲ್ಲ. ಆದರೂ ನಮ್ಮ ಮಿದುಳು ಗೆರೆ ಎಳೆಯುತ್ತೆ. ಎರಡನ್ನೂ ಸೇರಿಸಿಬಿಡುತ್ತೆ.

ನೋಡಿದಿರಾ? ನಡುವಿನ ಚಿತ್ರ ಬಿಟ್ಟುಹೋದರೆ ನೋಡುವವರಿಗೆ ನಡುವೆ ಆದದ್ದು ಗೊತ್ತಾಗೋದಿಲ್ಲ. ನಮ್ಮ ಚಿತ್ರದಲ್ಲಿ ಅದು ನಿದ್ದೆಯಿಂದ ಬಿಟ್ಟುಹೋಯಿತು. ಬೇಕೆಂದೇ ಬಿಟ್ಟರೆ?

1896ರಲ್ಲಿ ಪ್ಯಾರಿಸ್ ಊರಿನ ಜಾರ್ಜ್ ಮೆಲಿಯೆಸ್ ಅನ್ನುವವನು ಅದನ್ನೇ ಮಾಡಿದ. ಅವನು ಜಾದೂಗಾರ. ಒಬ್ಬ ಹೆಂಗಸನ್ನು ಕುರ್ಚಿಯಲ್ಲಿ ಕೂರಿಸಿದ. ಮೇಲೆ ಬಟ್ಟೆ ಹೊದಿಸಿದ. ಕ್ಯಾಮೆರಾ ನಿಲ್ಲಿಸಿದ. ಹೆಂಗಸು ಎದ್ದು ಹೋದಳು. ಮತ್ತೆ ಕ್ಯಾಮೆರಾ ಓಡಿಸಿದ. ಬಟ್ಟೆ ತೆಗೆದ. ಹೆಂಗಸು ಮಾಯ! ನಡುವೆ ಅವಳು ಎದ್ದು ಹೋದದ್ದು ಚಿತ್ರದಲ್ಲೇ ಇಲ್ಲ. ಹಳೆಯ ಪುರಾಣದ ಸಿನಿಮಾಗಳಲ್ಲಿ ದೇವರು ಪ್ರತ್ಯಕ್ಷ ಆಗೋದೂ ಮಾಯ ಆಗೋದೂ ಇದೇ ಚಮತ್ಕಾರ. ಅದು ಆಟ. ನೋಡಿ ಸಂತೋಷಪಡೋದು. ಅದರಲ್ಲಿ ತಪ್ಪಿಲ್ಲ.

ಆದರೆ ಆಟವನ್ನೇ ನಿಜ ಅಂತ ಹೇಳಿ ದುಡ್ಡು ಕೇಳಿದರೆ? ಅದು ಮೋಸ.

ಕಲ್ಲಿನ ವಿಗ್ರಹ ಕಣ್ಣು ಮಿಟುಕಿಸಿತು ಅಂತ ಮೊಬೈಲಿಗೆ ಒಂದು ಚಿತ್ರ ಬರುತ್ತೆ ಅನ್ನಿ. ಈಗ ನಿಮಗೆ ಗೊತ್ತು. ಇದಕ್ಕೆ ಎರಡೇ ಫೋಟೋ ಸಾಕು. ಒಂದರಲ್ಲಿ ಕಣ್ಣು ತೆರೆದಿದೆ. ಅದೇ ಫೋಟೋದ ಮೇಲೆ ರೆಪ್ಪೆ ಮುಚ್ಚಿದ ಹಾಗೆ ಬಣ್ಣ ಬಳಿದರೆ ಇನ್ನೊಂದು. ಎರಡನ್ನೂ ಜೋಡಿಸಿ ಓಡಿಸಿದರೆ ಕಣ್ಣು ಮಿಟುಕಿದ ಹಾಗೆ ಕಾಣುತ್ತೆ. ಭಕ್ತಿ ನಿಮ್ಮದು. ಅದನ್ನು ಯಾರೂ ಬೇಡ ಅನ್ನೋದಿಲ್ಲ. ಆದರೆ ಚಿತ್ರದ ಕೆಳಗೆ "ಹತ್ತು ಜನಕ್ಕೆ ಕಳಿಸಿ, ಇಷ್ಟು ದುಡ್ಡು ಹಾಕಿ" ಅಂತ ಇದ್ದರೆ ಕೈ ತಡೆಯಿರಿ.

ಈಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಒಂದೇ ಒಂದು ಫೋಟೋ ಕೊಟ್ಟರೆ ಕಂಪ್ಯೂಟರೇ ಉಳಿದ ಚಿತ್ರ ಬರೆಯುತ್ತೆ. ಇದಕ್ಕೆ ಎ.ಐ. ಅಂತಾರೆ. ತೀರಿಕೊಂಡ ಅಜ್ಜಿಯ ಫೋಟೋ ನಕ್ಕ ಹಾಗೆ ಮಾಡಬಹುದು. ದೊಡ್ಡ ಮನುಷ್ಯರ ಮುಖ ತಂದು, ಅವರು ಆಡದ ಮಾತನ್ನು ಆಡಿಸಬಹುದು. "ನಮ್ಮಲ್ಲಿ ದುಡ್ಡು ಹಾಕಿ, ದುಪ್ಪಟ್ಟು ಆಗುತ್ತೆ" ಅಂತ ಹೇಳಿಸಬಹುದು. ಹಿಂದೆ ಚುಕ್ಕಿಯಾದರೂ ನಿಜ ಇತ್ತು. ಈಗ ಚುಕ್ಕಿಯೂ ಸುಳ್ಳು ಇರಬಹುದು.

ಅದಕ್ಕೇ ಓಡುವ ಚಿತ್ರ ನೋಡಿದಾಗ ನಾಲ್ಕು ಪ್ರಶ್ನೆ ಕೇಳಿ.

ಇದನ್ನು ಯಾರು ಮಾಡಿದರು?
ಎಲ್ಲಿ, ಯಾವಾಗ ಮಾಡಿದರು?
ಇದರ ಹಿಂದೆ ಮುಂದೆ ಏನಿತ್ತು? ನಡುವೆ ಏನು ಬಿಟ್ಟಿದ್ದಾರೆ?
ಇದನ್ನು ನಂಬಿದರೆ ಯಾರಿಗೆ ಲಾಭ?

ಉತ್ತರ ಗೊತ್ತಾಗದಿದ್ದರೆ ಮುಂದಕ್ಕೆ ಕಳಿಸಬೇಡಿ. ನಮ್ಮಿಂದ ಸುಳ್ಳು ಹರಡೋದು ಬೇಡ.

ನಾಚಿಕೆ ನಮ್ಮದಲ್ಲ

ಇನ್ನೊಂದು ಮಾತು ಹೇಳಲೇಬೇಕು. ಕೆಲವು ಕೆಟ್ಟವರು ಹೆಣ್ಣುಮಕ್ಕಳ ಫೋಟೋ ಕದ್ದು, ಮುಖವನ್ನು ಬೇರೆ ಮೈಗೆ ಅಂಟಿಸಿ ಅಸಹ್ಯ ಚಿತ್ರ ಮಾಡುತ್ತಾರೆ. "ಎಲ್ಲರಿಗೂ ಕಳಿಸ್ತೀವಿ, ದುಡ್ಡು ಕೊಡು" ಅಂತ ಹೆದರಿಸುತ್ತಾರೆ.

ನಿಮ್ಮ ಮಗಳಿಗೋ, ಸೊಸೆಗೋ, ಪಕ್ಕದ ಮನೆಯ ಹುಡುಗಿಗೋ ಹೀಗಾದರೆ ಅವಳನ್ನು ಬೈಯಬೇಡಿ. ಫೋಟೋ ಅವಳದು, ಚಿತ್ರ ಅವಳದಲ್ಲ. ನಾಚಿಕೆ ಪಡಬೇಕಾದವರು ಅದನ್ನು ಮಾಡಿದವರು. ಇಂಥ ಚಿತ್ರ ಮಾಡಿ ಹರಡೋದು ಅಪರಾಧ. ಅದಕ್ಕೆ ಶಿಕ್ಷೆ ಇದೆ.

ಏನು ಮಾಡಬೇಕು? ದುಡ್ಡು ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಬಂದ ಮೆಸೇಜು ಅಳಿಸಬೇಡಿ. ಅದೇ ಸಾಕ್ಷಿ. ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ. ಒಬ್ಬರೇ ಹೋಗೋಕೆ ಅಂಜಿಕೆಯಾದರೆ ಸಂಘದ ನಾಲ್ಕು ಜನ ಜೊತೆಗೆ ಹೋಗಿ. ತುರ್ತು ಇದ್ದರೆ 112ಕ್ಕೆ ಫೋನ್ ಮಾಡಿ. ಮೊಬೈಲಿನ ಮೋಸದಲ್ಲಿ ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಈ ಎರಡು ನಂಬರನ್ನು ಗೋಡೆಯ ಮೇಲೆ ದಪ್ಪಗೆ ಬರೆದಿಡಿ.

ಕಲಿತ ಕೈ, ತಿಳಿದ ಕಣ್ಣು

ಅಕ್ಷರ ಬಾರದಾಗ ಕಾಗದದಲ್ಲಿ ಏನಿದೆ ಅಂತ ಬೇರೆಯವರು ಹೇಳಬೇಕಿತ್ತು. ಅವರು ಹೇಳಿದ್ದೇ ನಿಜ. ಈಗ ನಾವೇ ಓದ್ತೀವಿ. ಹೆಬ್ಬೆಟ್ಟು ಒತ್ತುವ ಮುಂಚೆ ಏನು ಬರೆದಿದೆ ಅಂತ ನೋಡ್ತೀವಿ.

ಚಿತ್ರವನ್ನೂ ಹಾಗೆಯೇ ಓದಬೇಕು. ಅಕ್ಷರ ಸೇರಿ ಪದ. ಪದ ಸೇರಿ ಮಾತು. ನಿಂತ ಚಿತ್ರ ಸೇರಿ ಓಡುವ ಚಿತ್ರ. ಬಿಡಿಸಿ ಓದೋಕೆ ಬಂದರೆ ಕೂಡಿಸಿ ಬರೆಯೋಕೂ ಬರುತ್ತೆ. ಹಾಗಾಗಿ ನೋಡುವವರಾಗಿ ಮಾತ್ರ ಉಳಿಯಬೇಡಿ. ಮಾಡುವವರೂ ಆಗಿ. ಗಿಡ ಬೆಳೆಯೋದು, ಬುಟ್ಟಿ ಹೆಣೆಯೋದು, ಜಡೆ ಹಾಕೋದು, ರಂಗೋಲಿ ಬಿಡೋದು ಎಲ್ಲವನ್ನೂ ಹೀಗೆ ತೋರಿಸಬಹುದು. ನಿಮ್ಮ ಕೈಯ ಕಸುಬು ಇನ್ನೊಬ್ಬರು ಕಲಿಯೋಕೆ ಆಗುತ್ತೆ.

ಮಾತಾಡೋಣ

1. ಪರದೆಯ ಮೇಲೆ ಚಿತ್ರ ನಿಜವಾಗಿ ಓಡುತ್ತದೆಯೇ? ನಿಮ್ಮ ಮಾತಿನಲ್ಲಿ ಹೇಳಿ.
2. ಸರಸ್ವತಿಬಾಯಿ ಯಾವ ಯಾವ ಕೆಲಸ ಮಾಡಿದರು? ನಿಮ್ಮ ಊರಿನಲ್ಲಿ ಹೀಗೆ ಹೆಸರಿಲ್ಲದೆ ದುಡಿದ ಹೆಂಗಸರು ಯಾರಿದ್ದಾರೆ?
3. ಸೆಕೆಂಡಿಗೆ 4 ಫೋಟೋದಂತೆ 10 ಸೆಕೆಂಡಿನ ಚಿತ್ರಕ್ಕೆ ಎಷ್ಟು ಫೋಟೋ ಬೇಕು? ಲೆಕ್ಕ ಮಾಡಿ.
4. ಈ ವಾರ ನಿಮ್ಮ ಮೊಬೈಲಿಗೆ ಬಂದ ಒಂದು ಓಡುವ ಚಿತ್ರ ತೆಗೆಯಿರಿ. ಎಲ್ಲರೂ ಕುಳಿತು ಆ ನಾಲ್ಕು ಪ್ರಶ್ನೆ ಕೇಳಿ.